ಜಗದೇವಪ್ಪನ ವಾತಗುಳಿಗೆ

ಕಮಲಾಪುರದಲ್ಲಿ ಜಗದೇವಪ್ಪ ವೈದ್ಯನ ಮನೆ ಎಲ್ಲಿದೆ ಎಂದು ಹೊಸಬರೂ ಕೇಳಬೇಕಾಗಿರಲಿಲ್ಲ. ಬಾಳೆ ತೋಟಗಳನ್ನು ದಾಟಿ ಊರೊಳಗೆ ಬಂದು, ಸೊಂಟಕ್ಕೆ ಕೈಕೊಟ್ಟು ಕಾಲೆಳೆಯುತ್ತ ಹೊರಟವರ ಬೆನ್ನು ಹಿಡಿದರೆ ಸಾಕು, ಅವನ ಮನೆಯ ಕಟ್ಟೆಗೇ ಬಂದು ಮುಟ್ಟುತ್ತಿದ್ದರು. ಅವನು ನಾಡಿ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದುಕೊಡುತ್ತಿದ್ದ. ಅದರಲ್ಲಿ ಮೆಣಸಿನ ಕಾಳಿಗಿಂತ ತುಸು ದಪ್ಪನೆಯ ಕಪ್ಪು ಗುಳಿಗೆಗಳು. ವಾತಗುಳಿಗೆ ಎಂದು ಹೆಸರು. ಬರುವಾಗ ಇಬ್ಬರ ಹೆಗಲಮೇಲೆ ಬಂದವರು ವಾರದೊಳಗೆ ಹೊಲಕ್ಕೆ ಹೋಗುತ್ತಿದ್ದರು. ಇದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ, "ಅಪ್ಪನ ಕಾಲದ್ದರಿ, ಗುಡ್ಡದ ಬೇರು" ಎಂದುಬಿಡುತ್ತಿದ್ದ.

ಅಪ್ಪನ ಕಾಲದ ಗುಳಿಗೆಯಲ್ಲಿ ಶುಂಠಿ, ಹಿಪ್ಪಲಿ, ಗುಗ್ಗುಳ, ಮತ್ತೆ ನಾಲ್ಕಾರು ಬೇರುಗಳಷ್ಟೇ ಇದ್ದವು. ಹತ್ತು ಜನ ತೆಗೆದುಕೊಂಡರೆ ಇಬ್ಬರಿಗೆ ಹಿಡಿಸುತ್ತಿತ್ತು. ಏಳು ವರ್ಷಗಳ ಹಿಂದೆ ಜಗದೇವಪ್ಪ ಅದಕ್ಕೆ ಅಫೀಮು ಸೇರಿಸಿದ. ಮೊದಲು ಸೇರಿಸಿದ್ದು ಅಕ್ಕನಿಗಾಗಿ.

ಅಕ್ಕ ಶಿವಕಾಂತಮ್ಮ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಅವನಿಗೆ ತುತ್ತು ಮಾಡಿ ಉಣಿಸಿದವಳು. ಮದುವೆಯಾಗಿ ಹೋದ ಮನೆಯಲ್ಲಿ ಅವಳು ಸುಖ ಕಾಣಲಿಲ್ಲ. ಗಂಡ ಅಣವೀರಪ್ಪನಿಗೆ ಅಫೀಮಿನ ಚಟ. ಬೆಳಗಾದರೆ ಕಟ್ಟೆಯ ಮೇಲೆ ಕೂತು, ರೆಪ್ಪೆ ಜೋತುಬಿಟ್ಟು, ಕರೆದರೆ ಓಗೊಡದ ಮನುಷ್ಯ. ಅವನು ಸತ್ತ ಮೇಲೆ ಶಿವಕಾಂತಮ್ಮ ಎರಡು ಸೀರೆಯ ಗಂಟಿನೊಂದಿಗೆ ತಮ್ಮನ ಮನೆಗೆ ಬಂದಳು. ಅಂದಿನಿಂದ ಅವಳ ಎದುರಿಗೆ ಆ ಪದಾರ್ಥದ ಹೆಸರು ತೆಗೆಯುವ ಹಾಗಿರಲಿಲ್ಲ. "ಅದನ್ನ ತಿನ್ನೋರು ಮನಷ್ಯಾರಲ್ಲ" ಎಂದು ಮುಖ ತಿರುಗಿಸುತ್ತಿದ್ದಳು.

ಅವಳ ಮೊಣಕಾಲು ಹಿಡಿದುಕೊಂಡದ್ದು ಐವತ್ತರ ಹತ್ತಿರಕ್ಕೆ. ಲಿಂಗಪೂಜೆಗೆ ಕೂತರೆ ಏಳಲಾಗದೆ ಗೋಡೆ ಹಿಡಿದು ಅಳುತ್ತಿದ್ದಳು. ಜಗದೇವಪ್ಪ ತನಗೆ ಗೊತ್ತಿದ್ದ ಎಣ್ಣೆ, ಲೇಪ, ಕಷಾಯ ಎಲ್ಲ ಮಾಡಿ ಸೋತ. ಕೊನೆಗೊಂದು ದಿನ ಕಲಬುರಗಿಗೆ ಹೋದವನು ಸರ್ಕಾರದ ಲೈಸನ್ಸಿನ ಅಂಗಡಿಯಿಂದ ಒಂದು ತುಂಡು ಅಫೀಮು ತಂದು, ಗುಳಿಗೆಯ ಹಿಟ್ಟಿನಲ್ಲಿ ಹಾಕಿ ಅರೆದ. ನಾಲ್ಕನೆಯ ದಿನ ಅಕ್ಕ ತಾನಾಗಿ ಬಾವಿಗೆ ಹೋಗಿ ನೀರು ತಂದಳು. "ನಿನ್ನ ಕೈಗುಣ, ತಮ್ಮಾ" ಎಂದು ಅವನ ತಲೆ ಸವರಿ, ಓಣಿಯ ಮನೆಮನೆಗೂ ಹೋಗಿ ಹೇಳಿಬಂದಳು. ಜನ ಬರತೊಡಗಿದ್ದೇ ಆಗ. ಒಂದು ತಿಂಗಳು ಕೊಟ್ಟು ನಿಲ್ಲಿಸಿದರಾಯಿತು ಎಂದುಕೊಂಡಿದ್ದ ಜಗದೇವಪ್ಪ. ನಿಲ್ಲಿಸಿದ ದಿನ ಅಕ್ಕನ ಮೈಯೆಲ್ಲ ನೋವೆದ್ದಿತು. ಮತ್ತೆ ಕೊಟ್ಟ. ದಿನಕ್ಕೆ ಎರಡಿದ್ದುದು ನಾಲ್ಕಾಯಿತು. ತಾನು ಮಾಡುತ್ತಿರುವುದೇನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಕಟ್ಟೆಯ ಮೇಲೆ ಜನ ಕೈಮುಗಿಯುವಾಗ ಕಣ್ಣು ಮುಚ್ಚಿ ಕೂರುತ್ತಿದ್ದ.

ಊರೂರು ಖಾಲಿ ಮಾಡಿದ ದೊಡ್ಡ ಜ್ವರ ಬಂದುಹೋದ ಎರಡು ವರ್ಷಕ್ಕೆ ಶಿವಕಾಂತಮ್ಮನ ಹೊಟ್ಟೆ ಊದತೊಡಗಿತು. ಆರು ತಿಂಗಳಲ್ಲಿ ನೀರಿನ ಕೊಡದಷ್ಟಾಯಿತು. ಕೈಯಿಟ್ಟು ನೋಡಿದರೆ ಒಳಗೆ ಗಟ್ಟಿಯಾದ ಗಡ್ಡೆ. ಇದು ತನ್ನ ವಿದ್ಯೆಗೆ ನಿಲುಕದ್ದೆಂದು ಜಗದೇವಪ್ಪ ಮುಟ್ಟಿ ನೋಡಿದ ದಿನವೇ ಒಪ್ಪಿಕೊಂಡ. ಬಂಡಿ ಕಟ್ಟಿಸಿ, ಹುಲ್ಲು ಹಾಸಿ, ಅಕ್ಕನನ್ನು ಮಲಗಿಸಿಕೊಂಡು ಕಲಬುರಗಿಗೆ ಬಂದ. ಗಾಜಿಪುರದಲ್ಲಿ ದೂರದ ಸಂಬಂಧಿ ನಾಗಣ್ಣನ ಮನೆಯಲ್ಲಿ ಇಳಿದು, ಮಾರನೆಯ ದಿನ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದ.

ಅಲ್ಲಿಯ ಡಾಕ್ಟರ್ ಸಲಾವುದ್ದೀನ್ ಹೈದರಾಬಾದಿನಲ್ಲಿ ಕಲಿತವರು, ಹುಟ್ಟಿ ಬೆಳೆದದ್ದು ಕೋಟೆಯ ಬದಿಯ ಓಣಿಯಲ್ಲಿ. ಕನ್ನಡ ಮನೆಯ ಮಾತಿನಷ್ಟೇ ಸಲೀಸು. ಶಿವಕಾಂತಮ್ಮನನ್ನು ಪರೀಕ್ಷೆ ಮಾಡಿ, ಗಡ್ಡೆ ತೆಗೆಯಬಹುದು, ತೆಗೆದರೆ ಬದುಕುತ್ತಾರೆ ಎಂದರು. ಬಂದವನೂ ವೈದ್ಯನೆಂದು ತಿಳಿದ ಮೇಲೆ ಕುರ್ಚಿ ತರಿಸಿ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಆ ಮರ್ಯಾದೆ ಜಗದೇವಪ್ಪನಿಗೆ ಹಿತವಾಯಿತು. ಆಮೇಲೆ ಡಾಕ್ಟರು ಕಾಗದ ಮುಂದಿಟ್ಟುಕೊಂಡು ಶಿವಕಾಂತಮ್ಮನ ಕಡೆ ತಿರುಗಿದರು.

"ಅಮ್ಮಾ, ಈಗ ಕೇಳೋದಕ್ಕ ಸರಿಯಾಗಿ ಹೇಳ್ರಿ. ದಿನಾ ಏನೇನು ತಗೋತೀರಿ? ಔಷಧ, ಬೇರು, ಭಸ್ಮ, ತಂಬಾಕು, ಸೇಂದಿ, ಅಫೀಮು, ಏನಿದ್ರೂ ಹೇಳ್ರಿ. ನಾವು ಕ್ಲೋರೋಫಾರಂ ಕೊಟ್ಟು ಮಲಗಿಸ್ತೀವಿ. ಮೈಯಾಗ ಮೊದಲೇ ಏನರೆ ಇದ್ರ ಎರಡೂ ಕೂಡಿ ಉಸಿರು ಹಿಡಿತಾವ. ಇಲ್ಲಿ ನಾಚಿಕಿಗೆ ಜಾಗಿಲ್ಲ ನೋಡ್ರಿ."

ಶಿವಕಾಂತಮ್ಮನಿಗೆ ಸಿಟ್ಟೇ ಬಂತು. "ಅಫೀಮು ಅಂದ್ರೇನ್ರಿ ಸಾಹೇಬ್ರ? ಅದರಿಂದ ನನ್ನ ಸಂಸಾರ ಹಾಳಾಗ್ಯದ. ನಾ ಅದನ್ನ ಮುಟ್ತೀನೇನು? ನಮ್ಮ ತಮ್ಮ ಕೊಡೋ ವಾತದ ಗುಳಿಗಿ ತಗೋತೀನಿ, ಅಷ್ಟೇ. ಅದು ಬೇರಿನದು."

ಡಾಕ್ಟರು ಜಗದೇವಪ್ಪನನ್ನು ನೋಡಿದರು. "ಅದರಾಗ ಏನದರಿ, ವೈದ್ಯರ?"

ಹೇಳಬೇಕೆಂದು ಬಾಯಿ ತೆರೆದ. ಅಕ್ಕ ಅವನನ್ನೇ ನೋಡುತ್ತಿದ್ದಳು, ಹೆಮ್ಮೆಯಿಂದ. ಪಕ್ಕದಲ್ಲಿ ದವಾಖಾನೆಯ ದೊಡ್ಡ ನರ್ಸು ಖುರ್ಷೀದ್ ಬೇಗಂ ನಿಂತಿದ್ದಳು. "ಶುಂಠಿ, ಹಿಪ್ಪಲಿ, ಗುಗ್ಗುಳರಿ" ಎಂದ. ಅವನ ಧ್ವನಿ ಸ್ವಲ್ಪವೂ ನಡುಗಲಿಲ್ಲ. ಏಳು ವರ್ಷ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿತ್ತು.

"ಹಂಗಿದ್ರೂ ನಾಳೆ ಆಪರೇಶನ್ ಆಗೋ ತನಕ ಅದೂ ಬ್ಯಾಡ. ಬೆಳಗಾದ ಮ್ಯಾಲ ನೀರೂ ಬ್ಯಾಡ" ಎಂದು ಡಾಕ್ಟರು ಬರೆದುಕೊಂಡರು. ಕೊರಳಿನ ಲಿಂಗವನ್ನು ತೆಗೆಯಲಾರೆ ಎಂದು ಶಿವಕಾಂತಮ್ಮ ಕೇಳಿಕೊಂಡಾಗ, ಕೈಗೆ ಕಟ್ಟಿಕೊಳ್ಳಿ, ನಮ್ಮದೇನೂ ಅಭ್ಯಂತರವಿಲ್ಲ ಎಂದರು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಶಿವಕಾಂತಮ್ಮ ನಾಗಣ್ಣನ ಪಡಸಾಲೆಯಲ್ಲಿ ಎದ್ದು ಕೂತಿದ್ದಳು. ಹಿಂದಿನ ಸಂಜೆಯ ಗುಳಿಗೆ ತಪ್ಪಿತ್ತು. ಒಂದಾದ ಮೇಲೊಂದು ಆಕಳಿಕೆ, ಮೂಗಿನಲ್ಲಿ ನೀರು, ಮೈಮೇಲೆ ಮುಳ್ಳು. "ಎಲುಬಿನ್ಯಾಗ ಹುಳ ಹರದಂಗ ಆಗಾಕತ್ತದ, ತಮ್ಮಾ. ಒಂದು ಗುಳಿಗಿ ಕೊಡು."

"ಬ್ಯಾಡ ಅಂದಾರಲ್ಲ, ಅಕ್ಕಾ."

"ಅವರಿಗೇನು ಗೊತ್ತು ನನ್ನ ನೋವು? ನೀ ವೈದ್ಯ ಅಲ್ಲೇನು?" ಅವಳು ಬಾಗಿ ಅವನ ಕಾಲು ಹಿಡಿದಳು. ತಾಯಿಯಂಥವಳು ಕಾಲು ಹಿಡಿದದ್ದು ಕಂಡು ಅವನಿಗೆ ನಿಲ್ಲಲಾಗಲಿಲ್ಲ. ಎರಡು ಗುಳಿಗೆ ಕೊಟ್ಟ. ಒಂದು ಸಾಕಾಗಲಿಕ್ಕಿಲ್ಲ, ದವಾಖಾನೆಯಲ್ಲಿ ಮೈ ನಡುಗಿದರೆ ಡಾಕ್ಟರಿಗೆ ಸಂಶಯ ಬಂದೀತು ಎಂಬ ಅಂಜಿಕೆಯೂ ಅದರಲ್ಲಿತ್ತು. ಆ ಅಂಜಿಕೆಯನ್ನು ಅವನು ಆಮೇಲೆ ಎಷ್ಟೋ ಸಲ ನೆನೆದುಕೊಂಡ. ಅಕ್ಕನ ನೋವಿಗೆಂದು ಒಂದು, ತನ್ನ ಮಾನಕ್ಕೆಂದು ಇನ್ನೊಂದು.

ಎಂಟು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಜಗದೇವಪ್ಪ ವರಾಂಡದ ಬೆಂಚಿನ ಮೇಲೆ ಕೂತ. ಹಿತ್ತಲಿನ ಬೇವಿನ ಮರದಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದವು. ಅರ್ಧ ತಾಸೂ ಆಗಿರಲಿಲ್ಲ, ಒಳಗೆ ಏನೋ ಬಿದ್ದ ಸದ್ದಾಯಿತು. ಖುರ್ಷೀದ್ ಬೇಗಂ ಓಡಿ ಹೊರಬಂದು, ಬಿಸಿ ನೀರು, ಕಾಫಿ ಎಂದು ಅಡಿಗೆಯ ಕೋಣೆಯತ್ತ ಕೂಗಿ ಮತ್ತೆ ಒಳಗೆ ಓಡಿದಳು. ಅವಳ ಹಿಂದೆಯೇ ಡಾಕ್ಟರು ಬಾಗಿಲಿಗೆ ಬಂದರು. ತೋಳಿನ ತನಕ ಮಡಚಿದ ಅಂಗಿ, ಕೈಯಲ್ಲಿ ರಕ್ತದ ಕಲೆಯೂ ಇಲ್ಲ. ಕತ್ತಿ ಇನ್ನೂ ಮುಟ್ಟಿರಲಿಲ್ಲ.

"ಉಸಿರು ನಿಂತು ನಿಂತು ಬರಾಕತ್ತದ. ಕಣ್ಣಿನ ಪಾಪೆ ಸಾಸಿವಿ ಕಾಳಿನಷ್ಟು ಆಗ್ಯದ. ಮಲಗಿಸೋಕ ಮೊದಲ ನಾ ಕೊಟ್ಟ ನೋವಿನ ಸೂಜಿಗೆ ಹಿಂಗ ಆಗಬಾರದು. ಮುಂಜಾನೆ ಏನು ಕೊಟ್ಟೀರಿ?"

"ಏನಿಲ್ಲರಿ."

ಡಾಕ್ಟರು ಅಲ್ಲಾಡಲಿಲ್ಲ. "ವೈದ್ಯರ, ನೀವು ನಾಡಿ ನೋಡೋರು. ನಮಗ ಹೈದರಾಬಾದಿನಾಗ ಒಂದೇ ಕಲಿಸ್ಯಾರ, ಕ್ಲೋರೋಫಾರಂ ಕೊಟ್ಟಾಗ ನಾಡಿ ನೋಡಬ್ಯಾಡ, ಉಸಿರು ನೋಡು ಅಂತ. ಆ ಉಸಿರು ಈಗ ನನ್ನ ಕೈಯಾಗಿಲ್ಲ. ಹೇಳ್ರಿ."

"ಗುಳಿಗಿ ಕೊಟ್ಟೀನ್ರಿ."

"ಅದರಾಗ ಏನದ?"

"ಶುಂಠಿ..." ಎಂದ ಜಗದೇವಪ್ಪ. ಇನ್ನೂ ಶುಂಠಿ ಎಂದೇ ಶುರುಮಾಡಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು. "ಅಫೀಮು ಅದರಿ."

"ಎಷ್ಟು?"

ಅವನು ಎಂದೂ ತೂಕ ಮಾಡಿದವನಲ್ಲ. ಅರೆಯುವಾಗ ಕೈಗೆ ಬಂದಷ್ಟು ಹಾಕುತ್ತಿದ್ದ. "ಅಂದಾಜ ಮ್ಯಾಲರಿ" ಎಂದ.

ಡಾಕ್ಟರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ನಾ ಚುಚ್ಚಿದ ಸೂಜಿಯಾಗೂ ಅಫೀಮಿನ ಸತ್ವಾನೇ ಇತ್ತು. ನೀವು ಒಂದು ಮಾತು ಹೇಳಿದ್ರ ನಾ ಅದನ್ನ ಮುಟ್ತಿರಲಿಲ್ಲ" ಎಂದಷ್ಟೇ ಹೇಳಿ, "ಬರ್ರಿ ಒಳಗ. ಕೈ ಸಾಲಂಗಿಲ್ಲ" ಎಂದರು.

ಒಳಗೆ ಮೇಜಿನ ಮೇಲೆ ಅಕ್ಕ ಮಲಗಿದ್ದಳು. ತುಟಿ ನೇರಳೆ ಹಣ್ಣು ತಿಂದವಳ ಹಾಗೆ ಕಪ್ಪಿಟ್ಟಿತ್ತು. ಅವಳ ಎರಡೂ ತೋಳು ಹಿಡಿದು ತಲೆಯ ಹಿಂದಕ್ಕೆ ಎಳೆಯಬೇಕು, ಮತ್ತೆ ತಂದು ಪಕ್ಕೆಗೆ ಒತ್ತಬೇಕು, ಆಗ ಎದೆಯೊಳಗೆ ಗಾಳಿ ಹೋಗಿಬರುತ್ತದೆ ಎಂದು ಡಾಕ್ಟರು ಮಾಡಿ ತೋರಿಸಿದರು. ಜಗದೇವಪ್ಪ ಮಾಡಿದ. ಅವನು ದಣಿದಾಗ ಡಾಕ್ಟರು, ಡಾಕ್ಟರು ಸೂಜಿ ಹಾಕುವಾಗ ಅವನು. ಖುರ್ಷೀದ್ ಬೇಗಂ ಒದ್ದೆ ಬಟ್ಟೆಯಿಂದ ಕೆನ್ನೆಗೆ ತಟ್ಟುತ್ತ, "ಅಮ್ಮಾ, ಉಸಿರು ತಗೋರಿ, ತಗೋರಿ" ಎಂದು ಕಿವಿಯಲ್ಲಿ ಕೂಗುತ್ತಿದ್ದಳು. ಎಚ್ಚರ ಬರಲೆಂದು ಕೊಳವೆಯಿಂದ ಹೊಟ್ಟೆಗೆ ಕಾಫಿ ಬಿಟ್ಟರು. ಮಣಿಕಟ್ಟಿಗೆ ಕಟ್ಟಿದ ಲಿಂಗದ ಕರಡಿಗೆ ಪ್ರತಿಸಲ ಎಳೆದಾಗ ಮೇಜಿಗೆ ಬಡಿದು ಟಕ್ಕೆನ್ನುತ್ತಿತ್ತು. ಹನ್ನೊಂದರ ಹೊತ್ತಿಗೆ ಅವಳು ತಾನಾಗಿ ಒಂದು ಉಸಿರೆಳೆದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಮಧ್ಯಾಹ್ನಕ್ಕೆ ಕಣ್ಣು ಬಿಟ್ಟು, "ಗಡ್ಡಿ ತೆಗದ್ರೇನು?" ಎಂದು ಕೇಳಿದಳು.

ಸಂಜೆ ಡಾಕ್ಟರು ಜಗದೇವಪ್ಪನನ್ನು ತಮ್ಮ ಕೋಣೆಗೆ ಕರೆದರು. ಪೊಟ್ಟಣದಲ್ಲಿ ಉಳಿದ ಗುಳಿಗೆಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೇ ಚಾಕುವಿನಿಂದ ಸೀಳಿದ್ದರು. "ನೋಡ್ರಿ" ಎಂದರು. ಕೆಲವು ಒಳಗೆ ಕಂದು, ಬೇರಿನ ಪುಡಿಯೇ ಹೆಚ್ಚು. ಕೆಲವು ಅಂಟಂಟಾಗಿ ಹೊಳೆಯುವ ಕಪ್ಪು. ಒಂದು ಗುಳಿಗೆಗೂ ಇನ್ನೊಂದಕ್ಕೂ ಮೂರರಷ್ಟು ವ್ಯತ್ಯಾಸ.

"ಇದನ್ನ ಎಷ್ಟು ಮಂದಿಗೆ ಕೊಟ್ಟೀರಿ?"

"ಈಗ ತಗೊಳ್ಳೋರು ಮೂವತ್ತು ಮಂದಿ ಇರಬೇಕ್ರಿ."

"ಗೊತ್ತದೇನು ಅವರಿಗೆ?"

ಜಗದೇವಪ್ಪ ತಲೆಯಾಡಿಸಿದ, ಇಲ್ಲವೆಂದು.

"ಆಬ್ಕಾರಿಯವರಿಗೆ ಹೇಳೋದು ನನ್ನ ಕೆಲಸ ಅಲ್ಲ. ಆದ್ರ ಅವರಾಗ ಯಾರರೆ ನಾಳೆ ನನ್ನ ಮೇಜಿನ ಮ್ಯಾಲ ಮಲಗಿದ್ರ, ನಾ ಕೇಳಿದ್ದಕ್ಕ ಅವರೇನು ಹೇಳ್ಬೇಕು? ನಿಮ್ಮ ಅಕ್ಕ ಸುಳ್ಳು ಹೇಳಲಿಲ್ಲ. ಆಕಿಗೆ ಗೊತ್ತಿದ್ದದ್ದನ್ನ ಹೇಳಿದಳು." ಡಾಕ್ಟರು ಕಾಗದ ಮಡಚಿದರು. "ಒಮ್ಮೆಲೆ ಬಿಡಿಸೋ ಹಂಗಿಲ್ಲ, ಮೈ ತಾಳಂಗಿಲ್ಲ. ಇಲ್ಲೇ ಇಟ್ಕೊಂಡು ಅಳತಿ ಮಾಡಿ ದಿನಾ ಚೂರು ಚೂರು ಇಳಿಸ್ತೀನಿ. ಮೂರು ವಾರ ಹಿಡೀತದ. ಆಮ್ಯಾಲ ಗಡ್ಡಿ ತೆಗೀತೀನಿ. ಆದ್ರ ಆಕಿಗೆ ನೀವೇ ಹೇಳ್ಬೇಕು. ತಾನೇನು ತಗೊಳ್ಳಾಕತ್ತೀನಿ ಅನ್ನೋದು ಗೊತ್ತಿಲ್ಲದ ಮನಷ್ಯಾಳಿಗೆ ನಾ ಇನ್ನೊಮ್ಮೆ ಕ್ಲೋರೋಫಾರಂ ಕೊಡಂಗಿಲ್ಲ."

ಹೇಳಿದ್ದು ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ಖುರ್ಷೀದ್ ಬೇಗಂ ಔಷಧದ ಗ್ಲಾಸು ಒರೆಸುತ್ತ ಅಲ್ಲೇ ಇದ್ದಳು. ಅವಳು ಆಚೆ ಹೋಗಲಿ ಎಂದು ಜಗದೇವಪ್ಪ ಕಾದ. ಅವಳು ಹೋಗಲಿಲ್ಲ.

"ಅಕ್ಕಾ, ಗುಳಿಗ್ಯಾಗ ಅಫೀಮು ಇತ್ತು."

"ಯಾರ ಗುಳಿಗ್ಯಾಗ?"

"ನನ್ನ ಗುಳಿಗ್ಯಾಗ. ನಿನಗ ಕೊಡೋದರಾಗ."

ಶಿವಕಾಂತಮ್ಮ ಅವನ ಮುಖವನ್ನು ನೋಡಿದಳು, ಮಗು ಚೇಷ್ಟೆ ಮಾಡುತ್ತಿದೆಯೋ ಎಂದು ನೋಡುವ ಹಾಗೆ. "ಎಂದಿನಿಂದ?"

"ಮೊದಲಿನಿಂದ. ಏಳು ವರ್ಷ."

ಅವಳು ಬೈಯುತ್ತಾಳೆ, ಕೂಗುತ್ತಾಳೆ, ಕಪಾಳಕ್ಕೆ ಹೊಡೆದರೂ ಹೊಡೆದಾಳು ಎಂದುಕೊಂಡಿದ್ದ. ಹೊಡೆಯಲಿ ಎಂದೇ ಹತ್ತಿರ ಕೂತಿದ್ದ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದಳು. ಸೆರಗಿನೊಳಗಿಂದಲೇ ನರ್ಸನ್ನು ಕೇಳಿದಳು.

"ನರ್ಸಬಾಯಿ, ಅದು ಸಿಗದಿದ್ರ ಆಕಳಿಕಿ ಬರ್ತಾವೇನ್ರಿ? ಮೂಗು ಸೋರ್ತದೇನು? ಎಲುಬು ಮುರದಂಗ ಆಗ್ತದೇನು?"

"ಹೌದಮ್ಮ. ಅದರ ಗುಣಾನೇ ಹಂಗ."

"ಅವರಿಗೂ ಹಂಗೇ ಆಗ್ತಿತ್ತು" ಎಂದಳು ಶಿವಕಾಂತಮ್ಮ. ಅವರೆಂದರೆ ಗಂಡನೆಂದು ಜಗದೇವಪ್ಪನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಇಷ್ಟು ವರ್ಷಗಳಲ್ಲಿ ಅವಳು ಅಣವೀರಪ್ಪನನ್ನು ಬೈಯಲಿಕ್ಕಲ್ಲದೆ ನೆನೆದವಳಲ್ಲ. "ಚಟ ಬಿಡಿಸ್ತೀನಿ ಅಂತ ಅವರನ್ನ ದನದ ಮನ್ಯಾಗ ಹಾಕಿ ಕದಾ ಮುಚ್ಚಿದ್ದೆ. ಮೂರು ದಿನ. 'ಚೂರು ಕೊಡು, ನಿನ್ನ ಕಾಲು ಬೀಳ್ತೀನಿ' ಅಂತ ಒಳಗ ಅಳ್ತಿದ್ದರು. ಸೊಕ್ಕು ಅಂದ್ಕೊಂಡೆ. ನಾ ಹೊರಗ ಕೂತು ಜ್ವಾಳ ಹಸನ ಮಾಡ್ತಿದ್ದೆ. ಆಮ್ಯಾಲ ಸಾಯೋ ತನಕ ಅವರು ನನ್ನ ಕೂಡ ಮಾತಾಡಲಿಲ್ಲ."

ಆಮೇಲೆ ಗೋಡೆಯ ಕಡೆಯಿಂದ ತಿರುಗದೆಯೇ ತಮ್ಮನನ್ನು ಕೇಳಿದಳು.

"ನಿನ್ನೆ ಮುಂಜಾನೆ ನಾ ನಿನ್ನ ಕಾಲು ಹಿಡಿದೆ. ಹೌದಿಲ್ಲ?"

"ಹೌದಕ್ಕ."

"ನೀ ಕೊಟ್ಟಿ" ಎಂದಳು. ಅದು ದೂರೋ, ಬೇರೇನೋ, ಅವನಿಗೆ ಗೊತ್ತಾಗಲಿಲ್ಲ. "ಹೋಗಿನ್ನ. ನನ್ನ ಮುಖ ನೋಡಬ್ಯಾಡ" ಎಂದಳು ಆಮೇಲೆ. ನಿನ್ನ ಮುಖ ತೋರಿಸಬೇಡ ಎಂದಿದ್ದರೆ ಅವನು ಎದ್ದು ಹೋಗಿಬಿಡುತ್ತಿದ್ದ. ತನ್ನ ಮುಖವನ್ನು ನೋಡಬೇಡ ಎಂದಿದ್ದಳು. ಅವಳನ್ನೂ ಆ ನಾಚಿಕೆಗೆ ತಾನೇ ಎಳೆದು ತಂದೆನೆಂದು ಅವನಿಗೆ ಆಗ ಹೊಳೆಯಿತು. ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತ. ಅಳು ಹೋಗಿಬರುವ ಜನಕ್ಕೆ ಕಾಣದಂತೆ ತಲೆಯ ಪಟಗದ ಸೆರಗಿನಿಂದ ಬಾಯಿ ಮುಚ್ಚಿಕೊಂಡ.

ಮೂರು ವಾರ ಅವನಿಗೆ ದವಾಖಾನೆಯಲ್ಲಿ ಕೆಲಸವಿರಲಿಲ್ಲ. ದಿನಕ್ಕೆ ಎರಡು ಸಲ ಖುರ್ಷೀದ್ ಬೇಗಂ ಗೀರು ಹಾಕಿದ ಸಣ್ಣ ಗ್ಲಾಸಿನಲ್ಲಿ ಅಫೀಮಿನ ನೀರನ್ನು ಅಳೆದು ತಂದು, ಶಿವಕಾಂತಮ್ಮನಿಗೆ ತೋರಿಸಿ, "ಇದು ಅಫೀಮು, ನಿನ್ನೆಗಿಂತ ಎರಡು ಹನಿ ಕಡಿಮಿ" ಎಂದು ಹೇಳಿಯೇ ಕುಡಿಸುತ್ತಿದ್ದಳು. ಮೊದಲ ದಿನ ಆ ಹೆಸರು ಕೇಳಿ ಶಿವಕಾಂತಮ್ಮ ಗ್ಲಾಸನ್ನು ದೂಡಿದಳು. ಮೈ ನಡುಕ ಏರಿದ ಮೇಲೆ ಕಣ್ಣು ಮುಚ್ಚಿ ಕುಡಿದಳು. ಜಗದೇವಪ್ಪ ಬಾಗಿಲ ಹತ್ತಿರ ನಿಂತು ಗ್ಲಾಸಿನ ಗೀರುಗಳನ್ನು ನೋಡುತ್ತಿದ್ದ. ಅಷ್ಟು ಸಣ್ಣ ಗೀರು ಎಳೆದು ಅಳೆಯಬಹುದಾದದ್ದನ್ನು ತಾನು ಮುಷ್ಟಿಯಿಂದ ಹಾಕಿದ್ದೆ ಎಂದುಕೊಂಡ. ಒಮ್ಮೊಮ್ಮೆ ಡಾಕ್ಟರು ಅವನನ್ನು ಕರೆದು ಮಾತಾಡಿಸುತ್ತಿದ್ದರು, ಮೊದಲಿನಂತೆಯೇ ವೈದ್ಯರೇ ಎನ್ನುತ್ತಿದ್ದರು. ಕುರ್ಚಿ ಕೊಟ್ಟರೂ ಅವನು ಕೂರುತ್ತಿರಲಿಲ್ಲ.

ಎರಡನೆಯ ಸಲ ಆಪರೇಶನ್ನಿನ ಹಿಂದಿನ ದಿನ ಡಾಕ್ಟರು ಮತ್ತೆ ಕಾಗದ ಹಿಡಿದು ಬಂದು, ದಿನಾ ಏನೇನು ತಗೋತೀರಿ ಎಂದು ಹೊಸದಾಗಿ ಎಂಬಂತೆ ಕೇಳಿದರು. ಶಿವಕಾಂತಮ್ಮ ತಾನೇ ಹೇಳಿದಳು. "ಏಳು ವರ್ಷ ಅಫೀಮು ತಗೊಂಡೀನ್ರಿ. ದಿನಕ್ಕ ನಾಕು ಗುಳಿಗಿ. ಈಗ ಮೂರು ದಿನ ಆತು, ಹನಿನೂ ಇಲ್ಲ. ಎಲಿ ಅಡಿಕಿ ಹಾಕ್ತೀನಿ, ತಂಬಾಕು ಇಲ್ಲ. ನಿನ್ನೆ ಹೊಟ್ಟಿ ಹಿಡದಿತ್ತು, ಪಕ್ಕದ ಮಂಚದಾಕಿ ಓಂಕಾಳು ಕೊಟ್ಟಳು, ಅದನ್ನ ಅಗದೀನಿ." ಓಂಕಾಳನ್ನೂ ಡಾಕ್ಟರು ಬರೆದುಕೊಂಡರು. ವಾರ್ಡಿನ ಹೆಂಗಸರೆಲ್ಲ ಕೇಳುತ್ತಿದ್ದರು. ಅವಳ ಕಿವಿ ಕೆಂಪಾಗಿತ್ತು, ಧ್ವನಿ ಮಾತ್ರ ಇಳಿಯಲಿಲ್ಲ. ಇಳಿದದ್ದು ತಮ್ಮನ ತಲೆ.

ಈ ಸಲ ಉಸಿರು ನೆಟ್ಟಗೆ ನಡೆಯಿತು. ದೊಡ್ಡ ಕುಂಬಳಕಾಯಿಯಷ್ಟು ಗಡ್ಡೆ ತೆಗೆದರು. ಗಾಯ ಮಾಯಲು ಒಂದು ತಿಂಗಳಾಯಿತು. ಹೊರಡುವ ದಿನ ಶಿವಕಾಂತಮ್ಮ ಖುರ್ಷೀದ್ ಬೇಗಂಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ತಮ್ಮನೊಂದಿಗೆ ಬೇಕಾದಷ್ಟೇ ಮಾತು. ಬಂಡಿ ಊರ ಹತ್ತಿರ ಬಂದು ಬಾಳೆಯ ತೋಟಗಳು ಕಾಣತೊಡಗಿದಾಗ ಅವಳಾಗಿ ಹೇಳಿದಳು.

"ಒಂದೊಂದು ಮನಿಗೂ ಹೋಗು. ನನಗ ಹೇಳಿದಂಗ ಹೇಳು."

"ಊರು ಬಿಡಬೇಕಾಗ್ತದ, ಅಕ್ಕಾ."

"ಹೇಳಿ ಆಮ್ಯಾಲ ಬಿಡು."

ಹೇಳದೆ ಇರಲು ದಾರಿಯೂ ಇರಲಿಲ್ಲ. ಅವನಿಲ್ಲದ ಎರಡು ತಿಂಗಳಲ್ಲಿ ಒಯ್ದಿಟ್ಟ ಗುಳಿಗೆಗಳು ಕೆಲವರಿಗೆ ಮುಗಿದು, ಅವರು ಮೈನೋವು, ಭೇದಿ, ನಿದ್ದೆಯಿಲ್ಲದೆ ನರಳಿದ್ದರು. ಅದನ್ನು ವಾತ ಮರುಕಳಿಸಿತೆಂದೇ ತಿಳಿದು, ವೈದ್ಯ ಬಂದನೆಂದು ಕೇಳಿ ಕಟ್ಟೆಗೆ ಓಡಿಬಂದರು. ಕೆಲವರು ಎರಡೆರಡು ತಿಂಗಳಿಗೆಂದು ತುಂಬಿಸಿಕೊಂಡು ಹೋಗಿದ್ದರು, ಅವರ ಮನೆಗಳಿಗೆ ಅವನೇ ಹೋದ. ಗುಳಿಗೆಯಲ್ಲಿ ಅಫೀಮಿದೆ, ನಾನು ಹೇಳದೆ ಕೊಟ್ಟೆ, ಒಮ್ಮೆಲೆ ಬಿಡಬೇಡಿ, ನಾನೇ ತೂಕ ಮಾಡಿ ಇಳಿಸಿಕೊಡುತ್ತೇನೆ, ಯಾವ ದವಾಖಾನೆಗೆ ಹೋದರೂ ಡಾಕ್ಟರ ಮುಂದೆ ಇದನ್ನು ಹೇಳಿ. ಇಷ್ಟನ್ನೇ ಎಲ್ಲ ಕಡೆ ಹೇಳಿದ. ಒಬ್ಬ ರೈತ ಪೊಟ್ಟಣವನ್ನು ಅವನ ಮುಖಕ್ಕೆ ಎಸೆದ. ಒಬ್ಬ ಮುದುಕ ನಕ್ಕು, "ನಮಗ ಗೊತ್ತಿತ್ತು ಬಿಡ್ರಿ, ನೀವು ಬೇರು ಅಂದ್ರಿ, ನಾವೂ ಬೇರು ಅಂದ್ವಿ" ಎಂದ. ಎಸೆತವನ್ನು ಅವನು ತಾಳಿಕೊಂಡ. ಆ ನಗು ಮಾತ್ರ ಮನೆಯ ತನಕ ಬೆನ್ನು ಹತ್ತಿತು.

ನಾಲ್ಕನೆಯ ದಿನ ಮಧ್ಯಾಹ್ನ ಬಳೆಗಾರರ ಓಣಿಯ ಮೆಹಬೂಬಿಯ ಮನೆಗೆ ಹೋದ. ಬಾಣಂತನದ ಮೇಲೆ ನಡು ಹಿಡಿದಿತ್ತೆಂದು ಆಕೆ ಗುಳಿಗೆ ಒಯ್ಯುತ್ತಿದ್ದಳು. ಅವನ ಮಾತು ಕೇಳುತ್ತ ಕೇಳುತ್ತ ಆ ಹುಡುಗಿಯ ಮುಖ ಬಿಳಿಚಿತು. ಒಳಗೆ ತೊಟ್ಟಿಲು ತೂಗುತ್ತಿತ್ತು.

"ಕೂಸು ಭಾಳ ಅಳ್ತಿತ್ತರಿ" ಎಂದಳು. "ಚೂರು ತೇದು ಜೇನಿನಾಗ ನೆಕ್ಕಿಸ್ತೀನಿ. ನೆಕ್ಕಿಸಿದ್ರ ಸುಮ್ಮನ ಮಲಗ್ತದ. ನೀವು ಬೇರು ಅಂದಿದ್ರಿ."

ಜಗದೇವಪ್ಪ ತೊಟ್ಟಿಲ ಬಳಿ ಹೋಗಿ ಬಾಗಿ, ಕೂಸಿನ ಎದೆ ಏರಿಳಿಯುವುದನ್ನು ನೋಡುತ್ತ ನಿಂತ. ಉಸಿರಿತ್ತು, ನಿಧಾನವಾಗಿ. ಇಂದಿನದು ಕೊಟ್ಟಿಲ್ಲ, ಸಂಜೆಗೆ ಕೊಡುತ್ತಿದ್ದೆ ಎಂದಳು ತಾಯಿ. ಅವನು ಹೊರಗೆ ಬಂದು ನೇರ ಮನೆಯ ದಾರಿ ಹಿಡಿದ.

"ಇವತ್ತು ಎಷ್ಟು ಮನಿ ಆದವು?" ಎಂದು ಅಕ್ಕ ಒಳಗಿನಿಂದ ಕೇಳಿದಳು. ಅವನು ಕೂಸಿನ ಮಾತು ಹೇಳಿದ. ಹೇಳುವಾಗ ಮೊದಲ ಸಲ ಅವಳ ಎದುರಿಗೆ ಅತ್ತ.

ಶಿವಕಾಂತಮ್ಮ ಸಮಾಧಾನ ಮಾಡಲಿಲ್ಲ. "ಡಾಕ್ಟರ್ ಸಾಹೇಬ್ರಿಗೆ ಚೀಟಿ ಬರದು ಈಗಲೇ ಯಾರ ಕೈಲರೆ ಮುಂದ ಕಳಸು. ಕೂಸಿಗೆ ಹೆಂಗ ಬಿಡಿಸೋದು ಕೇಳು. ನಾಳೆ ಮುಂಜಾನೆ ಆ ತಾಯಿ ಮಗುನ್ನ ಬಂಡ್ಯಾಗ ಕಳಸು, ನೀನೂ ಹೋಗು" ಎಂದಳು. ಗೋಡೆ ಹಿಡಿದು ಎದ್ದಳು. ಗಾಯದ ಮೇಲೆ ಒಂದು ಕೈ, ಮೊಣಕಾಲ ಮೇಲೆ ಇನ್ನೊಂದು. ಕಲಬುರಗಿಯಿಂದ ಬಂದ ಮೇಲೆ ಮನೆಯ ಹೊರಗೆ ಕಾಲಿಟ್ಟಿರದವಳು ಸೆರಗು ಹೊದ್ದು ಬೀದಿಗಿಳಿದಳು. ಜಗದೇವಪ್ಪ ಹಿಂದೆ ನಡೆದ.

ಬಳೆಗಾರರ ಓಣಿಯಲ್ಲಿ ಆಗಲೇ ನಾಲ್ಕಾರು ಹೆಂಗಸರು ಕೂಡಿದ್ದರು. ಮೆಹಬೂಬಿ ಕೂಸನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು, ತಾನೇ ಅದನ್ನು ಕೊಲ್ಲಹೊರಟಿದ್ದೆ ಎಂಬಂತೆ. ಶಿವಕಾಂತಮ್ಮ ಅವಳ ಪಕ್ಕದಲ್ಲಿ ನೆಲದ ಮೇಲೆ, ಕಷ್ಟಪಟ್ಟು, ಕಾಲು ಚಾಚಿ ಕೂತಳು.

"ಅಳಬ್ಯಾಡವ್ವ. ನಿನಗ ಗೊತ್ತಿರಲಿಲ್ಲ. ನಾನೂ ಅಫೀಮು ತಿಂತಿದ್ದಾಕಿ, ಏಳು ವರ್ಷ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇವತ್ತು ಸಂಜಿಯಿಂದ ಕಡಿಮಿ ಮಾಡಿದಾಗ ನಿನ್ನ ಮೈಯಾಗ ಏನಾಗ್ತದ, ಕೂಸಿಗೆ ಏನಾಗ್ತದ, ನಾ ಹೇಳ್ತೀನಿ. ಅಂಜಬ್ಯಾಡ. ನಾ ಇಲ್ಲೇ ಇರ್ತೀನಿ."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಜಗದೇವಪ್ಪ ಅಂಗಳದ ಅಂಚಿನಲ್ಲಿ, ಬಿಸಿಲಿನಲ್ಲೇ ನಿಂತಿದ್ದ. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ. ಚೀಟಿ ಬರೆಯಬೇಕೆಂದು ನೆನಪಾಗಿ, ಸ್ವಲ್ಪ ಹೊತ್ತಿನ ಮೇಲೆ ಮನೆಯ ಕಡೆಗೆ ತಿರುಗಿದ.